ಜರ್ಮನ್ ಪೇಪರ್ ಬಿಟ್ಬಿಡ್ತೀವಿ ಮಾವ

ಸಂಪಾದಕರೇ, ನಮಸ್ಕಾರ.

ನನ್ನ ತಂಗಿ ಮಗ ಮೆಡಿಕಲ್ ಪಿಜಿ ಮಾಡ್ತಿದಾನೆ, ಮೊನ್ನೆ ಥೀಸಿಸ್‌ಗೆ ಸಂಶೋಧನಾ ಪೇಪರ್ ಹುಡುಕ್ತಾ 'ಇಂಗ್ಲಿಷ್ ಮಾತ್ರ' ಅಂತ ಟಿಕ್ ಹಾಕ್ದ. ಉಳಿದವು? ಅಂದ್ರೆ, ಜರ್ಮನ್ ಗಿರ್ಮನ್ ಎಲ್ಲ ಬಿಟ್ಬಿಡ್ತೀವಿ ಮಾವ, ಅವಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರೂ ಕಮ್ಮಿ ಅಂದ.

ಕಮ್ಮಿ ಇರದೆ ಏನು ಮಾಡುತ್ತೆ ಸ್ವಾಮಿ? ಈ ಫ್ಯಾಕ್ಟರ್ ಅಂದ್ರೆ ಜರ್ನಲ್‌ಗೆ, ಅಂದ್ರೆ ಸಂಶೋಧನಾ ಪತ್ರಿಕೆಗೆ, ಕೊಡೋ ಒಂದು ನಂಬರ್. ಒಂದು ಜರ್ನಲ್‌ನಲ್ಲಿ ಹಿಂದಿನ 2 ವರ್ಷ ಬಂದ ಲೇಖನಗಳನ್ನ ಈ ವರ್ಷ ಎಷ್ಟು ಸಲ ಉಲ್ಲೇಖ ಮಾಡಿದಾರೆ ಅಂತ ಎಣಿಸಿ ಆ ಲೇಖನಗಳ ಸಂಖ್ಯೆಯಿಂದ ಭಾಗಿಸ್ತಾರೆ, ಆದ್ರೆ ಎಣಿಸೋದು ಈ ನಂಬರ್ ಕೊಡೋ ಕಂಪನಿಯ ಡೇಟಾಬೇಸ್‌ಗೆ ಸೇರಿರೋ ಜರ್ನಲ್‌ಗಳಲ್ಲಿ ಬಂದ ಉಲ್ಲೇಖ ಮಾತ್ರ, ಅಲ್ಲಿ ಇಂಗ್ಲಿಷಿನವೇ ತುಂಬ್ಕೊಂಡಿವೆ. ಓದದೇ ಇರೋದಕ್ಕೆ ನಂಬರ್ ಕಮ್ಮಿ, ನಂಬರ್ ಕಮ್ಮಿ ಅಂತ ಓದಲ್ಲ.

ಒಂದು ಕಾಲದಲ್ಲಿ ಇದು ಉಲ್ಟಾ ಇತ್ತು. 1882ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಕ್ಷಯದ ಬಗ್ಗೆ ಬರೆದಿದ್ದು ಜರ್ಮನ್‌ನಲ್ಲಿ, 1890ರಲ್ಲಿ ಜಪಾನಿನ ವಿಜ್ಞಾನಿ ಕಿಟಸಾಟೊ ಕೂಡ ಜರ್ಮನಿಯ ಬೆಹ್ರಿಂಗ್ ಜೊತೆ ಸೇರ್ಕೊಂಡು ಧನುರ್ವಾಯು ಬಗ್ಗೆ ಬರೆದಿದ್ದು ಜರ್ಮನ್‌ನಲ್ಲೇ! 1992ರಲ್ಲಿ ನೋಡಿ, ಜರ್ಮನಿಯ ಹಳೇ ಜರ್ನಲ್ 'ಕ್ಲಿನಿಷೆ ವೊಖೆನ್‌ಶ್ರಿಫ್ಟ್' ತನ್ನ ಹೆಸರನ್ನೇ ಇಂಗ್ಲಿಷ್ ಮಾಡ್ಕೊಂಡ್ತು.

ನಂಬರ್ ಹೋದ್ರೆ ಹೋಗ್ಲಿ, ನನ್ನ ತಕರಾರು ಬೇರೆ. 1997ರಲ್ಲಿ ಲ್ಯಾನ್ಸೆಟ್ ಅನ್ನೋ ಇಂಗ್ಲಿಷ್ ವೈದ್ಯಕೀಯ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು, ಜರ್ಮನ್ ಮಾತಾಡೋ ದೇಶಗಳ ಸಂಶೋಧಕರು ಯಾವ ಟ್ರಯಲ್, ಅಂದ್ರೆ ರೋಗಿಗಳ ಮೇಲೆ ಚಿಕಿತ್ಸೆ ಪರೀಕ್ಷೆ ಮಾಡಿದ್ದನ್ನ, ಯಾವ ಭಾಷೇಲಿ ಅಚ್ಚು ಹಾಕಿಸ್ತಾರೆ ಅಂತ, ಒಬ್ಬನೇ ಲೇಖಕನ ಎರಡೂ ಭಾಷೆ ಪೇಪರ್ ಜೋಡಿ ಮಾಡಿ ನೋಡಿದ್ರು. ಚಿಕಿತ್ಸೆಯಿಂದ ಸ್ಪಷ್ಟ ವ್ಯತ್ಯಾಸ ಕಂಡಿದ್ದು ಜರ್ಮನ್ ಪೇಪರ್‌ಗಳಲ್ಲಿ ಶೇ 35, ಇಂಗ್ಲಿಷ್‌ನಲ್ಲಿ ಶೇ 62. ಅಂದ್ರೆ ಗೆದ್ದಿದ್ದು ಊರಾಚೆ ಮೆರವಣಿಗೆ ಹೋಗುತ್ತೆ, ಸೋತಿದ್ದು ಮನೇಲೇ ಕೂರುತ್ತೆ. ಇಂಗ್ಲಿಷ್ ಒಂದೇ ಓದೋ ಡಾಕ್ಟ್ರಿಗೆ ಔಷಧಿ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ, ಬರೆದು ಕೊಡ್ತಾರೆ, ನುಂಗೋರು ನಾವು. ಈಗ ಕಂಪ್ಯೂಟರೇ ಅನುವಾದ ಮಾಡ್ಕೊಡೋವಾಗ ಆ ಟಿಕ್ ಹಾಕೋ ಅಗತ್ಯ ಏನಿದೆ ಅಂತ ಹುಡುಗನ್ನ ಕೇಳ್ದೆ, ಗೈಡ್ ಹೇಳಿದಾರೆ ಅಂದ.

ಕನ್ನಡದಲ್ಲೇ ರಿಸರ್ಚ್ ಜರ್ನಲ್ ತನ್ನಿ ಅಂತ ನಾನು ಹೇಳ್ತಿಲ್ಲ, ಪ್ರಪಂಚಕ್ಕೆ ಒಂದು ಸಾಮಾನ್ಯ ಭಾಷೆ ಇರೋದು ಅನುಕೂಲವೇ. ಆದ್ರೆ 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕ ಮಂಗನ ಕಾಯಿಲೆ ಪೇಪರ್‌ಗಳೂ ಇಂಗ್ಲಿಷ್‌ನಲ್ಲೇ ಇವೆ, ಉಣುಗು ಕಚ್ಚಿಸ್ಕೊಳ್ಳೋರು ಮಾತ್ರ ಕನ್ನಡದವ್ರು. ಹೊಸ ಪೇಪರ್ ಬಂದಾಗ ನಿಮ್ಮ ಆರೋಗ್ಯ ಪುಟದಲ್ಲಿ ಅರ್ಧ ಕಾಲಂ ಸಾರಾಂಶ ಹಾಕಿ, ಜಾಗ ಇಲ್ಲ ಅಂದ್ರೆ ರಾಶಿ ಭವಿಷ್ಯ ಒಂದಿನ ಬಿಡಿ.

– ಒಬ್ಬ ಓದುಗ, ಸಾಗರ