ಕಡಿಮೆ ರೇಟಿಗೆ ಹೂಂ ಅನ್ನುವ ಮೊದಲು ಇದನ್ನು ಓದು

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. ಮನೆ ಸಾಮಾನನ್ನು ಬೇರೆ ರಾಜ್ಯಕ್ಕೆ ಸಾಗಿಸಲು ಮೂರು ಕಡೆಯಿಂದ ಕೊಟೇಶನ್ ಬಂದಿದೆ, ಅದರಲ್ಲಿ ಒಂದು ಉಳಿದೆರಡರ ಅರ್ಧಕ್ಕೇ ಇದೆ, ನಾಳೆಯೊಳಗೆ ಅಡ್ವಾನ್ಸ್ ಹಾಕಿದರೆ ಇನ್ನೂ ಸ್ವಲ್ಪ ಬಿಡುತ್ತಾರಂತೆ, ಹೂಂ ಅಂದುಬಿಡಲಾ ಚಿಕ್ಕಮ್ಮ ಅಂತ ಕೇಳಿದೆ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇವತ್ತು ಅಡ್ವಾನ್ಸ್ ಹಾಕಬೇಡ. ಇದನ್ನು ಪೂರ್ತಿ ಓದು, ಆಮೇಲೆ ಯೋಚನೆ ಮಾಡು.

ನಾವು ರಾಜ್ಯ ಬಿಟ್ಟು ಹೋದಾಗ ನೀನಿನ್ನೂ ಎರಡನೇ ಕ್ಲಾಸು. ಆಗ ನಾನೂ ಹೀಗೇ, ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ಒಪ್ಪಿಕೊಂಡೆ. ಐದಾರು ದಿನದಲ್ಲಿ ಸಾಮಾನು ತಲುಪುತ್ತದೆ ಅಂದಿದ್ದರು. ತಲುಪಿದ್ದು 23ನೇ ದಿನ. ಅಷ್ಟು ದಿನ ಖಾಲಿ ಮನೆಯಲ್ಲಿ ನೆಲದ ಮೇಲೆ ಬೆಡ್‌ಶೀಟ್ ಹಾಸಿ ಮಲಗಿದೆವು, ಎರಡೇ ಪಾತ್ರೆಯಲ್ಲಿ ಅಡುಗೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ನಿನ್ನ ಅಜ್ಜಿಯ ಮರದ ಪೆಟ್ಟಿಗೆ ಇತ್ತಲ್ಲ, ನಿನ್ನ ಅಮ್ಮನೂ ನಾನೂ ಚಿಕ್ಕವರಿದ್ದಾಗ ಅದರ ಮೇಲೆ ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದೆವು, ಅದರ ಮುಚ್ಚಳ ಉದ್ದಕ್ಕೆ ಸೀಳಿಹೋಗಿತ್ತು. ಯಾರನ್ನು ಕೇಳುವುದು? ದುಡ್ಡು ತೆಗೆದುಕೊಂಡವರು ಲಾರಿಯವರನ್ನು ಕೇಳಿ ಅಂದರು. ಲಾರಿಯವರು, ಗೋಡೌನಿನಿಂದ ನಮ್ಮ ಕೈಗೆ ಬಂದಿದ್ದೇ ಹೀಗೆ ಅಂದರು. ಕೊನೆಗೆ ನಾನೇ ಸಹಿ ಹಾಕಿದ್ದ ಸಾಮಾನಿನ ಪಟ್ಟಿ ತೆಗೆದು ತೋರಿಸಿದರು. ಪೆಟ್ಟಿಗೆಯ ಮುಂದೆ ‘ಹಳೆಯದು, ಬಿರುಕಿದೆ’ ಅಂತ ಬರೆದಿತ್ತು. ಅದೊಂದರ ಮುಂದೆ ಮಾತ್ರ ಅಲ್ಲ, ಹೆಚ್ಚು ಕಡಿಮೆ ಎಲ್ಲ ಸಾಮಾನಿನ ಮುಂದೆಯೂ ಹಾಗೇ ಬರೆದುಕೊಂಡಿದ್ದರು. ಲೋಡ್ ಮಾಡುವ ಗಡಿಬಿಡಿಯಲ್ಲಿ ನಾನು ಓದಿರಲಿಲ್ಲ. ಆ ಮುಚ್ಚಳ ನೋಡಿದಾಗಲೆಲ್ಲ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಅದಕ್ಕೇ ಹೇಳುತ್ತೇನೆ, ಮೂರೂ ಜನರಿಗೆ ಮತ್ತೆ ಫೋನ್ ಮಾಡಿ ಎರಡು ವಿಷಯ ಕೇಳು. ನಮ್ಮ ಮನೆ ಬಾಗಿಲಿಂದ ಹೊಸ ಮನೆ ಬಾಗಿಲಿಗೆ ಹೋಗುವಷ್ಟರಲ್ಲಿ ಸಾಮಾನನ್ನು ಎಷ್ಟು ಸಲ ಇಳಿಸಿ ಹತ್ತಿಸುತ್ತೀರಿ? ದಾರಿಯಲ್ಲಿ ಏನಾದರೂ ಆದರೆ ಯಾರ ಹೆಸರಿನ ಕಾಗದ ಹಿಡಿದು ನಾನು ಕೇಳಬೇಕು? ಈ ಎರಡಕ್ಕೂ ನೇರವಾಗಿ ಉತ್ತರ ಕೊಡದವರ ರೇಟು ಎಷ್ಟೇ ಕಡಿಮೆ ಇದ್ದರೂ ನನಗೆ ಬೇಡ ಅನ್ನಿಸುತ್ತದೆ.

ಅರ್ಧ ರೇಟು ಹೇಳಿದವರು ಬಹುಶಃ ಪಾರ್ಟ್ ಲೋಡ್ ಹೇಳಿರುತ್ತಾರೆ. ಅಂದರೆ ಒಂದೇ ಲಾರಿಯಲ್ಲಿ ನಾಲ್ಕೈದು ಮನೆಯ ಸಾಮಾನು. ಲಾರಿ ತುಂಬುವವರೆಗೆ ನಿನ್ನದು ಗೋಡೌನಿನಲ್ಲಿ ಕಾಯುತ್ತದೆ, ಆಮೇಲೆ ದಾರಿಯಲ್ಲಿ ಬೇರೆಯವರದ್ದನ್ನು ಇಳಿಸಲು ನಿನ್ನದನ್ನು ಆಚೆ ಈಚೆ ಸರಿಸುತ್ತಾರೆ, ಎಷ್ಟೋ ಸಲ ಇನ್ನೊಂದು ಲಾರಿಗೇ ಹಾಕುತ್ತಾರೆ. ಪೆಟ್ಟು ಬೀಳುವುದು ಲಾರಿ ಓಡುವಾಗಿನಕ್ಕಿಂತ ಹೀಗೆ ಇಳಿಸಿ ಹತ್ತಿಸುವಾಗಲೇ ಜಾಸ್ತಿ. ಪಾರ್ಟ್ ಲೋಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸಾಮಾನು ಕಡಿಮೆ ಇದ್ದು, ಹತ್ತು ಹದಿನೈದು ದಿನ ತಡವಾದರೂ ನಡೆಯುತ್ತದೆ ಅನ್ನುವವರಿಗೆ ಅದು ಸರಿಯಾದ ದಾರಿಯೇ. ನಿನಗೆ ಚಿಕ್ಕ ಮಗು ಇದೆ, ಅಲ್ಲಿಗೆ ಹೋಗಿ ತಲುಪಿದ ವಾರದಲ್ಲೇ ಕೆಲಸಕ್ಕೆ ಸೇರಬೇಕು. ನಿನಗೆ ಅದು ಸರಿಹೋಗುವುದಿಲ್ಲ ಅಂತ ನನ್ನ ಮನಸ್ಸಿಗೆ ಬರುತ್ತದೆ.

ಇದಕ್ಕಿಂತ ಮೊದಲು ಇನ್ನೊಂದು ಕೆಲಸ ಇದೆ, ಅದನ್ನು ನೀನು ಮಾಡಿಯೇ ಇಲ್ಲ ಅಲ್ವಾ? ಏನೇನು ಹೋಗಬೇಕು ಅಂತ ತೀರ್ಮಾನ ಮಾಡುವುದು. ಟೇಪು ತೆಗೆದುಕೊಂಡು ಮನೆಯೆಲ್ಲ ಒಂದು ಸುತ್ತು ಹಾಕು. ಉದ್ದ, ಅಗಲ, ಎತ್ತರ ಗುಣಿಸಿದರೆ ಅದು ಲಾರಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಅಂತ ಗೊತ್ತಾಗುತ್ತದೆ. ವಾಷಿಂಗ್ ಮಷಿನ್ನು ಸುಮಾರು 0.3 ಘನ ಮೀಟರ್. ಇಬ್ಬರು ಮಲಗುವ ಹಾಸಿಗೆ 0.6ರ ಹತ್ತಿರ. ಡಬಲ್ ಡೋರ್ ಫ್ರಿಜ್ಜು ಒಂದು ಘನ ಮೀಟರಿಗೆ ಸ್ವಲ್ಪ ಕಡಿಮೆ. ಮೂರು ಜನ ಕೂರುವ ಸೋಫಾ ಮಾತ್ರ ಒಂದೂವರೆ! ತೂಕ ಫ್ರಿಜ್ಜಿಗಿಂತ ಹೆಚ್ಚಿರಬೇಕಾಗಿಲ್ಲ, ಆದರೆ ಜಾಗ ಅದಕ್ಕಿಂತ ಜಾಸ್ತಿ. 20 ಅಡಿಯ ಕಂಟೇನರ್ ಒಳಗೆ ಒಟ್ಟು 33 ಘನ ಮೀಟರ್ ಜಾಗ ಇರುತ್ತದೆ, ಮೂಲೆ ಮೂಲೆಯೂ ತುಂಬುವುದಿಲ್ಲ ಅಂತ ಒಂದಿಷ್ಟು ಕಳೆದುಕೊ. ಲೆಕ್ಕ ಹಾಕಿದರೆ ನಿನಗೆ ಎಷ್ಟು ದೊಡ್ಡ ಗಾಡಿ ಬೇಕು ಅಂತ ನಿನಗೇ ತಿಳಿಯುತ್ತದೆ, ಬೇರೆಯವರು ಹೇಳಿದ್ದಕ್ಕೆ ತಲೆಯಾಡಿಸಬೇಕಾಗಿಲ್ಲ.

ಅವರು ಜಾಗದ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೋ ತೂಕದ ಲೆಕ್ಕದಲ್ಲೋ ಅದನ್ನೂ ಕೇಳಿಕೊ. ಜಾಗದ ಲೆಕ್ಕವಾದರೆ ಸೋಫಾ, ಪ್ಲಾಸ್ಟಿಕ್ ಕುರ್ಚಿ, ಖಾಲಿ ಬೀರು ಇವೆಲ್ಲ ದುಬಾರಿ. ತೂಕದ ಲೆಕ್ಕವಾದರೆ ಪುಸ್ತಕ. 40 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಒಂದು ಸಣ್ಣ ಡಬ್ಬದ ತುಂಬ ಪುಸ್ತಕ ಹಾಕಿದರೆ 20 ಕಿಲೋ ದಾಟುತ್ತದೆ. ನಿನ್ನ ಗಂಡನ ಪುಸ್ತಕಗಳನ್ನು ನೋಡಿದ್ದೇನೆ, ಅವನ್ನು ಬಿಡು ಅಂತ ಹೇಳುವುದಿಲ್ಲ, ಆದರೆ ಕೆಲವು ದೇಶಗಳ ಅಂಚೆಯಲ್ಲಿ ಪುಸ್ತಕಕ್ಕೇ ಅಂತ ಕಡಿಮೆ ದರ ಇರುತ್ತದೆ, ಅದನ್ನು ಒಮ್ಮೆ ವಿಚಾರಿಸಿ. ಬಣ್ಣ ಹೋದ ಆ ಸೋಫಾವನ್ನು ಮಾತ್ರ ಇಲ್ಲೇ ಕೊಟ್ಟುಬಿಡು. ಅದನ್ನು ಸಾಗಿಸುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಅಲ್ಲೇ ಒಂದು ಬರಬಹುದು. ಮಂಚ ಬಿಚ್ಚಿ ಜೋಡಿಸುವಂಥದ್ದಾದರೆ ಒಯ್ಯಿ, ಮರದ ಪುಡಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆಯ ಬೀರುಗಳನ್ನು ಒಯ್ಯಬೇಡ, ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ನಿಲ್ಲುವುದಿಲ್ಲ.

ಲಾರಿ ಬಾಡಿಗೆಗೆ ತೆಗೆದುಕೊಂಡು ನಾವೇ ಓಡಿಸಿಕೊಂಡು ಹೋಗುತ್ತೇವೆ ಅಂತ ನಿನ್ನ ಗಂಡ ಹೇಳಿದ್ದಾನಂತೆ. ಬೇಡ ಪುಟ್ಟಿ. ದಿನವೂ ಕಾರು ಓಡಿಸುವವರಿಗೆ ಆ ಎತ್ತರದ ಗಾಡಿಯ ಅಂದಾಜು ಇರುವುದಿಲ್ಲ, ತಗ್ಗಿನ ಸೇತುವೆ, ಪೆಟ್ರೋಲ್ ಬಂಕಿನ ಚಾವಣಿ ಎಲ್ಲ ತಲೆಗೆ ತಾಗುತ್ತವೆ, ಹಾಗೆ ಮೇಲಿನ ಭಾಗಕ್ಕೆ ಆದ ಪೆಟ್ಟನ್ನು ಎಷ್ಟೋ ಬಾಡಿಗೆ ಗಾಡಿಗಳ ಇನ್ಶೂರೆನ್ಸು ಹೊರಗೇ ಇಟ್ಟಿರುತ್ತದೆ. ಡೀಸೆಲ್, ಟೋಲು, ಗಾಡಿಯನ್ನು ಬೇರೆ ಊರಿನಲ್ಲಿ ಬಿಡುವ ಚಾರ್ಜು ಎಲ್ಲ ಕೂಡಿಸಿದರೆ ಉಳಿಯುವುದೂ ಅಷ್ಟಕ್ಕಷ್ಟೇ. ಹಠ ಮಾಡಿದರೆ ಇಷ್ಟು ಹೇಳು: ಭಾರದ್ದೆಲ್ಲ ಮುಂದೆ ಡ್ರೈವರ್ ಕಡೆಗೆ, ಕೆಳಗೆ, ಎಡ ಬಲ ಸಮನಾಗಿ.

ಕೆಲವು ಕಡೆ ಕಂಟೇನರನ್ನೇ ಮನೆ ಮುಂದೆ ಇಳಿಸಿ ಹೋಗುತ್ತಾರೆ, ನಾವು ನಿಧಾನವಾಗಿ ತುಂಬಿ ಬೀಗ ಹಾಕಬೇಕು, ಅವರು ಬಂದು ಹೊತ್ತುಕೊಂಡು ಹೋಗುತ್ತಾರೆ. ನನಗೆ ಇದು ಬಹಳ ಇಷ್ಟವಾದ ದಾರಿ. ಬೀಗ ನಮ್ಮದು, ನಡುವೆ ಯಾರೂ ಸಾಮಾನು ಮುಟ್ಟುವುದಿಲ್ಲ, ಹೊಸ ಮನೆ ಸಿದ್ಧವಾಗಿಲ್ಲದಿದ್ದರೆ ಸ್ವಲ್ಪ ದಿನ ಅವರ ಅಂಗಳದಲ್ಲೇ ಇರಿಸಬಹುದು. ಅದನ್ನು ಇಳಿಸಲು ಎರಡೂ ಕಡೆ ಜಾಗ ಇದೆಯಾ, ಕಟ್ಟಡದವರು ಒಪ್ಪುತ್ತಾರಾ ಅಂತ ನೋಡು. ಇಲ್ಲದಿದ್ದರೆ ನಿನಗೊಬ್ಬಳಿಗೇ ಅಂತ ಪೂರ್ತಿ ಲಾರಿ, ಇಲ್ಲಿ ಹಾಕಿದ ಬೀಗ ಅಲ್ಲೇ ತೆಗೆಯುವಂಥದ್ದು.

ಈಗ ಕೊಟೇಶನ್ ವಿಷಯ. ನಿನ್ನ ಮನೆಗೆ ಬಂದಾಗಲಿ, ವಿಡಿಯೋ ಕಾಲಿನಲ್ಲಾಗಲಿ ಒಂದೊಂದು ಕೋಣೆಯನ್ನೂ ನೋಡದೆ ರೇಟು ಹೇಳಿದ್ದರೆ ಅದು ರೇಟೇ ಅಲ್ಲ. ‘ಅಂದಾಜು’ ಅಂತ ಬರೆದಿದೆಯಾ, ‘ಇದಕ್ಕಿಂತ ಹೆಚ್ಚಾಗುವುದಿಲ್ಲ’ ಅಂತ ಬರೆದಿದೆಯಾ ನೋಡು. ಅಂದಾಜು ಅಂತ ಇದ್ದರೆ ಅಲ್ಲಿ ಹೋದ ಮೇಲೆ ಮಹಡಿಗೆ ಇಷ್ಟು, ಲಿಫ್ಟ್ ಇಲ್ಲದ್ದಕ್ಕೆ ಇಷ್ಟು, ರಸ್ತೆ ಕಿರಿದಾಗಿ ದೊಡ್ಡ ಲಾರಿ ಒಳಗೆ ಬರದೆ ಸಣ್ಣ ಗಾಡಿ ತರಿಸಿದ್ದಕ್ಕೆ ಇಷ್ಟು ಅಂತ ಸೇರುತ್ತಾ ಹೋಗುತ್ತದೆ. ಇವನ್ನೆಲ್ಲ ನೀನೇ ಮೊದಲು ಹೇಳಿ, ಸೇರಿಸಿಯೇ ಬರೆಸಿಕೊ. ತೂಕದ ಲೆಕ್ಕವಾದರೆ ಖಾಲಿ ಲಾರಿಯ ತೂಕದ ಚೀಟಿ, ತುಂಬಿದ ಲಾರಿಯ ಚೀಟಿ ಎರಡೂ ಕೇಳು. ತೂಕ ಹಾಕುವ ಕಡೆಗೆ ನೀವೂ ಹೋಗಿ ನಿಂತರೆ ಒಳ್ಳೆಯದು.

ಇನ್ನು ಬ್ರೋಕರ್. ಬುಕಿಂಗ್ ಮಾತ್ರ ಮಾಡಿಕೊಂಡು, ಆಮೇಲೆ ಯಾರು ಅಗ್ಗಕ್ಕೆ ಸಿಕ್ಕಿದರೋ ಅವರಿಗೆ ಕೆಲಸ ಕೊಡುವವರು ಎಲ್ಲ ಕಡೆಯೂ ಇದ್ದಾರೆ. ನನಗಾಗಿದ್ದೂ ಅದೇ. ಲಾರಿ ನಿಮ್ಮದೇನಾ, ಬರುವ ಜನ ನಿಮ್ಮವರೇನಾ ಅಂತ ಕೇಳು, ರಿಜಿಸ್ಟ್ರೇಶನ್ ನಂಬರು, ಆಫೀಸಿನ ವಿಳಾಸ ತೆಗೆದುಕೊಂಡು ಆಗುವುದಾದರೆ ಆ ವಿಳಾಸಕ್ಕೇ ಒಮ್ಮೆ ಹೋಗಿ ಬಾ. ನಾಳೆಯೊಳಗೆ ಹಾಕಿದರೆ ಕಡಿಮೆ ಅಂತ ಅವಸರ ಮಾಡುತ್ತಿದ್ದಾರಲ್ಲ, ನನಗೆ ಹೆದರಿಕೆಯಾಗಿದ್ದೇ ಆ ಮಾತಿಗೆ. ಅಡ್ವಾನ್ಸ್ ಅಂತ ಪೂರ್ತಿ ದುಡ್ಡು, ಅರ್ಧಕ್ಕಿಂತ ಜಾಸ್ತಿ ದುಡ್ಡು ಯಾರಿಗೂ ಕೊಡಬೇಡ. ಒಮ್ಮೆ ಸಾಮಾನು ಅವರ ಲಾರಿಯಲ್ಲಿ ಕೂತ ಮೇಲೆ, ಇನ್ನಷ್ಟು ಕೊಟ್ಟರೆ ಮಾತ್ರ ಇಳಿಸುತ್ತೇವೆ ಅಂತ ದಾರಿಯಲ್ಲಿ ನಿಲ್ಲಿಸುವವರೂ ಇರುತ್ತಾರೆ. ಆಗ ನಿನ್ನ ಕೈಯಲ್ಲಿ ಇರುವುದು ನೀನು ಬರೆಸಿಕೊಂಡ ಕೊಟೇಶನ್ ಕಾಗದ, ಇನ್ನೂ ಕೊಡದ ಬಾಕಿ ದುಡ್ಡು, ಎರಡೇ.

ಇನ್ಶೂರೆನ್ಸ್ ಇದೆ ಅಂತ ಮೂವರೂ ಹೇಳಿರುತ್ತಾರೆ. ಇದೊಂದನ್ನು ದಯವಿಟ್ಟು ನಿಧಾನವಾಗಿ ಓದು. ಸಾಗಿಸುವವರು ತಾವಾಗಿ ಹೊರುವ ಜವಾಬ್ದಾರಿ ಬೇರೆ, ಇನ್ಶೂರೆನ್ಸ್ ಪಾಲಿಸಿ ಬೇರೆ. ಎಷ್ಟೋ ಕಡೆ ಅವರ ಜವಾಬ್ದಾರಿ ಕಿಲೋಗೆ ಇಷ್ಟು ಅಂತ ತೂಕದ ಮೇಲೆ ಇರುತ್ತದೆ. ಹಾಗಿದ್ದರೆ ಎರಡು ಕಿಲೋ ಲ್ಯಾಪ್‌ಟಾಪ್ ಹಾಳಾದರೆ ಎರಡು ಕಿಲೋದ ದುಡ್ಡು ಬರುತ್ತದೆ, ಲ್ಯಾಪ್‌ಟಾಪಿನ ಬೆಲೆ ಬರುವುದಿಲ್ಲ. ಪಾಲಿಸಿ ಮಾಡಿಸಿದರೂ ಹೊಸದರ ಬೆಲೆ ಕೊಡುತ್ತಾರಾ, ಹಳೆಯದಾದ್ದಕ್ಕೆ ಕಳೆದು ಕೊಡುತ್ತಾರಾ ಕೇಳು. ನಾವೇ ಪ್ಯಾಕ್ ಮಾಡಿದ ಡಬ್ಬದೊಳಗೆ ಒಡೆದದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಗಾಜು, ಪಿಂಗಾಣಿ ಅವರೇ ಪ್ಯಾಕ್ ಮಾಡಲಿ, ಬಟ್ಟೆ, ಪಾತ್ರೆ, ಪುಸ್ತಕ ನೀವು ಮಾಡಿಕೊಳ್ಳಿ, ಅಲ್ಲಿ ದುಡ್ಡು ಉಳಿಸಿ.

ಲೋಡ್ ಮಾಡುವ ದಿನ ನೀನು ಬೇರೆ ಏನೂ ಕೆಲಸ ಇಟ್ಟುಕೊಳ್ಳಬೇಡ. ಮಗುವನ್ನು ಅಮ್ಮನ ಹತ್ತಿರ ಬಿಡು. ಹಿಂದಿನ ದಿನವೇ ಪ್ರತಿ ಸಾಮಾನಿನ ಎಲ್ಲ ಬದಿಯ ಫೋಟೋ ತೆಗೆ, ಟಿವಿ ಹಾಕಿ ಓಡುತ್ತಿರುವಾಗಲೇ ವಿಡಿಯೋ ಮಾಡು. ಪಟ್ಟಿಯ ಒಂದೊಂದು ಸಾಲನ್ನೂ ಓದು, ಗೀರಿಲ್ಲದ್ದಕ್ಕೆ ಗೀರಿದೆ ಅಂತ ಬರೆದಿದ್ದರೆ ಅಲ್ಲೇ ತಿದ್ದಿಸು, ಅವರು ಮುಖ ಗಂಟು ಹಾಕಿಕೊಂಡರೂ ಪರವಾಗಿಲ್ಲ. ಅಲ್ಲಿ ಇಳಿಸುವಾಗಲೂ ಹಾಗೇ, ನಂಬರು ನೋಡಿ ಗುರುತು ಹಾಕಿಕೊ, ಕಡಿಮೆ ಬಂದದ್ದು, ಒಡೆದದ್ದು ಅವರ ಕಾಗದದ ಮೇಲೇ ಬರೆದು ಆಮೇಲೆ ಸಹಿ ಮಾಡು. ದೂರು ಕೊಡಲು ಗಡುವು ಇರುತ್ತದೆ, ಕೆಲವರದ್ದು ಬರೀ ಕೆಲವೇ ದಿನ, ಅದಕ್ಕೇ ಡಬ್ಬಗಳನ್ನು ಕಟ್ಟಿಯೇ ಇಟ್ಟು ತಿಂಗಳುಗಟ್ಟಲೆ ಸುಮ್ನೆ ಇರಬೇಡ.

ಸಣ್ಣಪುಟ್ಟದ್ದು ಇಷ್ಟು. ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ ಒರೆಸಿ ಒಣಗಿಸು, ನಿಲ್ಲಿಸಿಯೇ ಸಾಗಿಸಲಿ, ಅಕಸ್ಮಾತ್ ಮಲಗಿಸಿದ್ದರೆ ಅಲ್ಲಿ ಒಂದು ದಿನ ನಿಲ್ಲಿಸಿ ಆಮೇಲೆ ಆನ್ ಮಾಡು, ಕಂಪ್ರೆಸರ್ ಎಣ್ಣೆ ಕೆಳಗಿಳಿಯಬೇಕು. ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ನಿಗೆ ತಂದಾಗ ಬಿಚ್ಚಿಟ್ಟ ಉದ್ದ ಬೋಲ್ಟುಗಳಿರುತ್ತವೆ, ಹುಡುಕಿ ಹಾಕಿಸು, ಇಲ್ಲದಿದ್ದರೆ ಒಳಗಿನ ಡ್ರಮ್ಮು ದಾರಿಯುದ್ದಕ್ಕೂ ಕುಣಿಯುತ್ತದೆ. ಟಿವಿಯನ್ನು ಮಲಗಿಸಬಾರದು. ಗ್ಯಾಸ್ ಸಿಲಿಂಡರ್, ಪೇಂಟು, ಸೀಮೆಎಣ್ಣೆ ಲಾರಿಗೆ ಹಾಕುವಂತಿಲ್ಲ. ಕುಂಡದ ಗಿಡಗಳನ್ನು ಕೆಲವು ರಾಜ್ಯದ ಗಡಿಯಲ್ಲಿ ಹುಳದ ಭಯಕ್ಕೆ ಒಳಗೆ ಬಿಡುವುದಿಲ್ಲ, ವಿಚಾರಿಸಿಕೊಂಡು ತೆಗೆದುಕೊಂಡು ಹೋಗು. ಒಡವೆ, ಸರ್ಟಿಫಿಕೇಟುಗಳು, ಮನೆ ಕಾಗದಪತ್ರ, ಮಗುವಿನ ಔಷಧಿ, ಹಾರ್ಡ್ ಡಿಸ್ಕು ಎಲ್ಲ ನಿನ್ನ ಕೈಚೀಲದಲ್ಲೇ ಇರಲಿ. ತಾರೀಕು ನಿಮ್ಮ ಕೈಯಲ್ಲಿದ್ದರೆ ತಿಂಗಳ ಕೊನೆ ಬಿಟ್ಟು ನಡುವೆ ಹಾಕಿಕೊಳ್ಳಿ, ಎಲ್ಲರೂ ಮನೆ ಬಿಡುವುದು ತಿಂಗಳ ಕೊನೆಯಲ್ಲೇ ಆದ್ದರಿಂದ ಆಗ ರೇಟೂ ಜಾಸ್ತಿ, ಬರುವ ಹುಡುಗರಿಗೂ ಅವಸರ.

ಮೂರೂ ಕೊಟೇಶನ್‌ಗಳ ಫೋಟೋ ನನಗೆ ಕಳಿಸು, ಹಿಂದಿನ ಸಣ್ಣ ಅಕ್ಷರದ ಪುಟವೂ ಸೇರಿ. ಇವತ್ತು ರಾತ್ರಿಯೇ ಓದಿ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಆ ಅರ್ಧ ರೇಟಿನವರು ಎಷ್ಟು ಸಲ ಫೋನ್ ಮಾಡಿದರೂ, ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನು.

ಇಂತಿ ನಿನ್ನ ಪ್ರೀತಿಯ
ಚಿಕ್ಕಮ್ಮ