‘ಕಾಣದ ಕೈಗಳು’ ಎಂದು ಬರೆಯಬೇಡ

ಪ್ರೀತಿಯ ಮಗಳೇ,

ಸ್ಯಾಕ್ರಮೆಂಟೊದಿಂದ ನೀನು ಕಳಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕೊನೆಯ ಹಾಳೆಯ ಅಂಚಿನಲ್ಲಿ “ಕಾಕಾ, ಕನ್ನಡದಲ್ಲಿ ಇದನ್ನು ಯಾರು ಓದುತ್ತಾರೆ, ಹರಿದು ಹಾಕಲೇ?” ಎಂದು ಪೆನ್ಸಿಲಿನಲ್ಲಿ ಬರೆದಿದ್ದೀಯಲ್ಲ, ಆ ಸಾಲು ನನ್ನನ್ನು ಮಲಗಗೊಡಲಿಲ್ಲ. ಹರಿಯಬೇಡ. ಕಾಗುಣಿತ, ಅಧ್ಯಾಯಗಳ ಜೋಡಣೆ, ಪ್ರಕಾಶಕರ ಚಿಂತೆ ಇವೆಲ್ಲ ಆಮೇಲಿನವು, ಹೇಳಿಕೊಡಲು ಬೇರೆಯವರಿದ್ದಾರೆ.

ಅಮೆರಿಕದ ರಾಜ್ಯಗಳ ಲಾಬಿ ಕಾನೂನುಗಳನ್ನು ಕುರಿತು ಬರೆಯುತ್ತ ನೀನು ಹದಿನೇಳು ಕಡೆ “ಕಾಣದ ಕೈಗಳು” ಎಂದಿದ್ದೀಯೆ. “ಪ್ರಭಾವಿ ಶಕ್ತಿಗಳು”, “ಒತ್ತಡ ಹೇರಲಾಯಿತು ಎನ್ನಲಾಗಿದೆ” ಎಂಬವನ್ನು ಎಣಿಸುವುದನ್ನೇ ಬಿಟ್ಟೆ. ಆ ಕೈಗಳು ಕಾಣಲಿ ಎಂದೇ ಅಲ್ಲವೇ ಈ ಕಾನೂನುಗಳು ಹುಟ್ಟಿದ್ದು? ಯಾರು, ಯಾರ ದುಡ್ಡಿನಿಂದ, ಯಾವ ಮಸೂದೆಗಾಗಿ ಶಾಸಕರ ಬಾಗಿಲಿಗೆ ಹೋದರು ಎಂಬುದನ್ನು ಬರೆಸಿಕೊಳ್ಳುವುದು ಅವುಗಳ ಕೆಲಸ. ಅಷ್ಟು ಕಷ್ಟದಿಂದ ಹೊರಬಂದ ಹೆಸರನ್ನು ನೀನು ಒಂದು ಸವಕಲು ಮಾತಿನಿಂದ ಮತ್ತೆ ಮುಚ್ಚಿದರೆ, ಕಾನೂನು ಮಾಡಿದ್ದನ್ನು ನಿನ್ನ ಲೇಖನಿ ಕೆಡಿಸಿದಂತಾಯಿತು. ಮೇಲಾಗಿ ನಮ್ಮ ಪತ್ರಿಕೆಗಳಲ್ಲಿ ಲಾಬಿ ಎಂದರೆ ಸಚಿವ ಸ್ಥಾನಕ್ಕಾಗಿ ದೆಹಲಿಗೆ ಹೋಗಿ ಕೂರುವುದು. ಮಸೂದೆಯ ಒಂದು ವಾಕ್ಯವನ್ನು ಬದಲಿಸಲು ಸಂಬಳ ಪಡೆದು, ನೋಂದಾಯಿಸಿಕೊಂಡು, ಲೆಕ್ಕ ಒಪ್ಪಿಸುತ್ತ ದುಡಿಯುವವರು ಇದ್ದಾರೆಂಬುದು ನಮ್ಮ ಓದುಗನಿಗೆ ಹೊಸದು. ಅವನಿಗೆ ಮನುಷ್ಯರನ್ನೇ ತೋರಿಸಬೇಕು.

ಆರ್ಟಿ ಸ್ಯಾಮಿಶ್ ಬರುವ ಪುಟದಲ್ಲಿ ಹಾಗೆ ತೋರಿಸಿದ್ದೀಯೆ. ಬಿಯರ್ ಉದ್ಯಮದ ಪರವಾಗಿ ಕ್ಯಾಲಿಫೋರ್ನಿಯಾದ ಶಾಸನಸಭೆಯನ್ನು ಆಡಿಸುತ್ತಿದ್ದ ಆ ಮನುಷ್ಯ, 1949ರಲ್ಲಿ, ಆಡಿಸುವವನೇ ದನಿ ಕೊಡುವ ಮಾತಿನ ಗೊಂಬೆಯೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದೇ ಶಾಸನಸಭೆ ಎಂಬಂತೆ ಕೋಲಿಯರ್ಸ್ ಪತ್ರಿಕೆಗಾಗಿ ಫೋಟೊ ತೆಗೆಸಿಕೊಂಡ. ಅದರ ಬೆನ್ನಲ್ಲೇ ರಾಜ್ಯಕ್ಕೆ ಲಾಬಿ ನೋಂದಣಿ ಕಾನೂನು ಬಂತು. 1974ರಲ್ಲಿ ಮತದಾರರೇ ಇನ್ನೊಂದು ಕಾನೂನನ್ನು ಅಂಗೀಕರಿಸಿ, ಲಾಬಿ ಮಾಡುವವರು ಒಬ್ಬ ಶಾಸಕನಿಗೆ ತಿಂಗಳಿಗೆ 10 ಡಾಲರಿಗಿಂತ ಹೆಚ್ಚಿನ ಉಡುಗೊರೆ ಕೊಡಕೂಡದೆಂದರು. ಆ ಪುಟದಲ್ಲಿ ತೊಡೆ, ಗೊಂಬೆ, ಮನುಷ್ಯ ಮೂರೂ ಕಣ್ಣಿಗೆ ಕಟ್ಟುತ್ತವೆ. ಅಂಥ ಪುಟ ಬರೆದವಳು ಮುಂದಿನ ಪುಟದಲ್ಲೇ “ಪ್ರಭಾವಿ ಶಕ್ತಿಗಳು” ಎಂದರೆ ನನಗೆ ಸಿಟ್ಟು ಬರುತ್ತದೆ.

ಸುಧಾರಣೆಯ ಅಧ್ಯಾಯದಲ್ಲಿಯೂ ಇದೇ ದೋಷ. “ಪಾರದರ್ಶಕತೆ ಹೆಚ್ಚಬೇಕು” ಎಂಬ ಮಾತು ಮೂರು ಪುಟ ಹರಿದಿದೆ. ಲಾಬಿ ಸಂಸ್ಥೆಯೊಂದು ಸರ್ಕಾರಕ್ಕೆ ಒಪ್ಪಿಸಿದ, ನೀನೇ ಲಗತ್ತಿಸಿದ ತ್ರೈಮಾಸಿಕ ವರದಿಯನ್ನು ಮಾತ್ರ ನೀನು ಸರಿಯಾಗಿ ನೋಡಿಲ್ಲ. ಅದರಲ್ಲಿ ಲಾಬಿ ಸಂಸ್ಥೆ, ಅದಕ್ಕೆ ದುಡ್ಡು ಕೊಟ್ಟವರು, ಮಸೂದೆಯ ಸಂಖ್ಯೆ ಇವೆ. ಆದರೆ ಆ ಮಸೂದೆ ಪಾಸಾಗಲಿ ಎಂದು ಹೋದರೋ ಬೀಳಲಿ ಎಂದು ಹೋದರೋ ಎಂಬುದು ಎಲ್ಲಿಯೂ ಇಲ್ಲ. ಕೊಲರಾಡೊ 2019ರ ತಿದ್ದುಪಡಿಯಲ್ಲಿ ಇದನ್ನೇ ಕೇಳಿತು: ಅಧಿವೇಶನ ನಡೆಯುತ್ತಿರುವಾಗ, ಹೊಸ ಮಸೂದೆಯ ಕೆಲಸ ಒಪ್ಪಿಕೊಂಡ 72 ಗಂಟೆಗಳೊಳಗೆ ಲಾಬಿ ಮಾಡುವವನು ತನ್ನ ನಿಲುವನ್ನು ತಿಳಿಸಬೇಕು. ವಿಸ್ಕಾನ್ಸಿನ್‌ನಲ್ಲಿ ಲಾಬಿಗೆ ವ್ಯಯಿಸಿದ ಗಂಟೆಗಳ ಲೆಕ್ಕವನ್ನೂ ಕೊಡಬೇಕು. ಮಸೂದೆಯ ಮೇಲಿನ ಮತದಾನಕ್ಕೆ ಮೊದಲು ತಿಳಿಯುವುದಕ್ಕೂ ಮೂರು ತಿಂಗಳ ನಂತರ ತಿಳಿಯುವುದಕ್ಕೂ ಇರುವ ಅಂತರವೇ ನಿನ್ನ ಪುಸ್ತಕದ ಜೀವ. ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀಯೆ.

ಒಹಾಯೊ ಪ್ರಕರಣವನ್ನು ಇನ್ನಷ್ಟು ಬಿಡಿಸಿ ಬರೆ. ಎರಡು ಅಣುಸ್ಥಾವರಗಳನ್ನು ಉಳಿಸಲು ಗ್ರಾಹಕರ ವಿದ್ಯುತ್ ಬಿಲ್ಲಿಗೆ ಶುಲ್ಕ ಸೇರಿಸುವ ಮಸೂದೆ 2019ರಲ್ಲಿ ಪಾಸಾಯಿತು. ಅದರ ಹಿಂದೆ ಸುಮಾರು 6 ಕೋಟಿ ಡಾಲರ್, ದಾನಿಗಳ ಹೆಸರು ಹೇಳಬೇಕಿಲ್ಲದ ಒಂದು ಲಾಭರಹಿತ ಸಂಸ್ಥೆಯ ಮೂಲಕ, ಸ್ಪೀಕರ್ ಲ್ಯಾರಿ ಹೌಸ್‌ಹೋಲ್ಡರ್ ಅವರ ಕೂಟಕ್ಕೆ ಹರಿದಿತ್ತು. 2023ರಲ್ಲಿ ಅವರಿಗೆ 20 ವರ್ಷಗಳ ಸೆರೆವಾಸವಾಯಿತು. ಲಾಬಿಯ ನಮೂನೆಗಳನ್ನಷ್ಟೇ ತಿರುವಿಹಾಕಿದವನಿಗೆ ಆ ದುಡ್ಡಿನ ಸುಳಿವು ಸಿಗುತ್ತಿರಲಿಲ್ಲ. ನೋಂದಣಿಯ ಕಾನೂನು ಎಷ್ಟೇ ಬಿಗಿಯಾಗಿದ್ದರೂ ದುಡ್ಡಿನ ಮೂಲವನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಈಗ ನನ್ನ ವಿಷಯ. ಬಹಳ ವರ್ಷಗಳ ಹಿಂದೆ ನಾನು ಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತಿದ್ದಾಗ, ಮಸೂದೆಯೊಂದು ವಿಧಾನಸಭೆಯ ಮುಂದಿತ್ತು. ಸಭ್ಯರೊಬ್ಬರು ಮನೆಗೆ ಬಂದು, ಚಹಾ ಕುಡಿದು, ಟೈಪು ಮಾಡಿದ ಎರಡು ಹಾಳೆಗಳನ್ನು ಬಿಟ್ಟುಹೋದರು. ಅಂಕಿಗಳು ಸರಿಯಾಗಿದ್ದವು, ನಾನೇ ತಾಳೆ ನೋಡಿದೆ. ನಾಲ್ಕು ಪ್ಯಾರಾಗಳನ್ನು ಅಂಕಣದಲ್ಲಿ ಸೇರಿಸಿದೆ, ಅವು ಎಲ್ಲಿಂದ ಬಂದವೆಂದು ಬರೆಯಲಿಲ್ಲ. ವಾರದ ನಂತರ ಅವರು ಫೋನು ಮಾಡಿ, “ನಿಮ್ಮ ಲೇಖನದಿಂದ ಬಹಳ ಉಪಕಾರವಾಯಿತು ಸಾರ್” ಎಂದರು. ಒಂದು ಪೈಸೆ ಮುಟ್ಟಿರಲಿಲ್ಲ. ಆದರೆ ಓದುಗರು ನನ್ನ ದನಿ ಎಂದುಕೊಂಡದ್ದು ಅವರ ದನಿಯಾಗಿತ್ತು. ಇದನ್ನು ಅಂಕಣದಲ್ಲೇ ಒಪ್ಪಿಕೊಳ್ಳುತ್ತೇನೆಂದಾಗ ಸಂಪಾದಕರು “ಮುಗಿದದ್ದನ್ನು ಯಾಕೆ ಕೆದಕುತ್ತೀರಿ” ಎಂದು ತಡೆದರು. ಅವರ ಮೇಲಿನ ಕೋಪ ಇನ್ನೂ ಆರಿಲ್ಲ, ಸುಮ್ಮನಾದ ನನ್ನ ಮೇಲಿನದೂ ಆರಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ: ನಿನ್ನ ಆರನೆಯ ಅಧ್ಯಾಯದ ಕೋಷ್ಟಕಗಳನ್ನು ಕೊಟ್ಟವರು ಯಾರು? “ಬಲ್ಲವರು” ಎಂದಷ್ಟೇ ಬರೆದಿದ್ದೀಯೆ. ಅವರು ಯಾವ ಸಂಘಟನೆಯಲ್ಲಿದ್ದಾರೆ, ಅವರಿಗೆ ಯಾವ ಕಾನೂನು ಬೇಕಾಗಿದೆ ಎಂಬುದನ್ನು ಕೋಷ್ಟಕದ ಕೆಳಗೇ ಬರೆ.

ಯಾರು ಓದುತ್ತಾರೆ ಎಂದೆಯಲ್ಲ. 2012ರ ಡಿಸೆಂಬರಿನಿಂದ ಶುರುಮಾಡು. ಭಾರತದ ಮಾರುಕಟ್ಟೆ ಪ್ರವೇಶಿಸುವ ವಿಷಯವೂ ಸೇರಿದಂತೆ ಲಾಬಿಗಾಗಿ ಖರ್ಚು ಮಾಡಿದ್ದು ವಾಲ್‌ಮಾರ್ಟ್ ಅಮೆರಿಕದ ಸೆನೆಟ್‌ಗೆ ಸಲ್ಲಿಸಿದ ವರದಿಯಿಂದ ತಿಳಿದು ನಮ್ಮ ಸಂಸತ್ತಿನಲ್ಲಿ ಗದ್ದಲವೆದ್ದಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿಯೊಬ್ಬರಿಂದ ತನಿಖೆ ಮಾಡಿಸಿತು. ಆ ವರದಿಯನ್ನು ಬರೆಸಿಕೊಂಡದ್ದು ರಾಜ್ಯಗಳ ಕಾನೂನಲ್ಲ, ಅಮೆರಿಕದ ಕೇಂದ್ರ ಸರ್ಕಾರದ ಕಾನೂನು. ಆದರೂ ನಮ್ಮ ಸಂಗತಿ ನಮಗೆ ತಿಳಿದದ್ದು ಅಲ್ಲಿನ ಕಾಗದದಿಂದ. ನಮ್ಮಲ್ಲಿ ಅಂಥ ಕಾಗದವನ್ನು ಬರೆಸಿಕೊಳ್ಳುವ ಕಾನೂನೇ ಇರಲಿಲ್ಲ. ಕನ್ನಡದ ಓದುಗ ಇಲ್ಲಿಂದ ನಿನ್ನ ಜೊತೆ ಬರುತ್ತಾನೆ.

ಆ ಎರಡು ಟೈಪು ಹಾಳೆಗಳು ಇನ್ನೂ ನನ್ನ ಕಪಾಟಿನಲ್ಲಿವೆ. ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ಅಂಕಣದ ತುಣುಕನ್ನೂ ಇಟ್ಟಿದ್ದೇನೆ. ಬೇಕೆನಿಸಿದರೆ ನನ್ನ ಹೆಸರು ಹಾಕಿಯೇ ಬಳಸಿಕೋ.

ನಿನ್ನ
ಕಾಕಾ