ನಮ್ಮೂರಿನ ಪ್ರಶ್ನೆ, ನಮ್ಮ ಮಕ್ಕಳ ಹುಡುಕಾಟ: ಕಾಸರಗೋಡಿನಿಂದ ಒಂದು ದೇಣಿಗೆ ಮನವಿ

ಆತ್ಮೀಯರೇ,

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತು ಈಗ ಕಾಲೇಜು ಮೆಟ್ಟಿಲು ಹತ್ತಿರುವ ಮಕ್ಕಳಿಗಾಗಿ ಈ ಪತ್ರ ಬರೆಯುತ್ತಿದ್ದೇವೆ. ಕಟ್ಟಡಕ್ಕೆ ಹಣ ಕೇಳುತ್ತಿಲ್ಲ. ಒಂದು ಪ್ರಶ್ನೆ ಹಿಡಿದು ವರ್ಷವಿಡೀ ಅದರ ಹಿಂದೆ ಬೀಳಲು ಒಬ್ಬ ವಿದ್ಯಾರ್ಥಿಗೆ ಏನು ಖರ್ಚು ಬರುತ್ತದೋ, ಅವರ ಜೊತೆ ಕೂತು ಮಾತಾಡುವ ಹಿರಿಯರ ಓಡಾಟಕ್ಕೆ ಏನು ಬೇಕೋ, ಅಷ್ಟನ್ನು ಕೇಳುತ್ತಿದ್ದೇವೆ.

ಕೇರಳದಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷದ ಡಿಗ್ರಿ ಶುರುವಾಯಿತು. ಮೂರು ವರ್ಷಕ್ಕೆ ನಿಲ್ಲಿಸಿದರೂ ಡಿಗ್ರಿ ಸಿಗುತ್ತದೆ. ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡಾ 75 ಅಂಕ ತೆಗೆದವರಿಗೆ ನಾಲ್ಕನೇ ವರ್ಷ ಸಂಶೋಧನೆ ಮಾಡುವ ಅವಕಾಶ ಇದೆ. ಇತಿಹಾಸ ಓದುವವರು ಬೇರೆ ವಿಭಾಗದ ಪೇಪರನ್ನೂ ಜೊತೆಗೆ ತಗೊಳ್ಳಬಹುದು. ಆ ಮೊದಲ ತಂಡ ನಾಲ್ಕನೇ ವರ್ಷಕ್ಕೆ ಕಾಲಿಡುವುದು 2027ರಲ್ಲಿ. ಬಾಗಿಲೇನೋ ತೆರೆದಿದೆ. ಆದರೆ ಸಂಶೋಧನೆ ಅಂದರೆ ಏನು, ಎಲ್ಲಿಂದ ಶುರು ಮಾಡಬೇಕು ಅಂತ ಹೇಳಿಕೊಡುವವರು ಬೇಕಲ್ವಾ?

ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಮಕ್ಕಳು ಕ್ಯಾಂಪಸ್ಸಿನಲ್ಲೇ ಇರುತ್ತಾರೆ. ಕ್ಲಾಸು ಮುಗಿದ ಮೇಲೂ ಲೈಬ್ರರಿ ಇದೆ, ಗೆಳೆಯರಿದ್ದಾರೆ, ಮಾತಿಗೆ ಸಿಗುವ ಅಧ್ಯಾಪಕರಿದ್ದಾರೆ. ನಮ್ಮ ಪೆರ್ಲ, ಬಾಯಾರು, ಅಡೂರು ಕಡೆಯ ಮಕ್ಕಳ ದಿನ ಬಸ್ಸಿನ ಸಮಯಕ್ಕೆ ಕಟ್ಟುಬಿದ್ದಿದೆ. ಸಂಜೆಯ ಬಸ್ಸು ತಪ್ಪಿದರೆ ಮನೆಗೆ ಫೋನು ಮಾಡಬೇಕು, ಯಾರಾದರೂ ಬೈಕು ತರಬೇಕು. ಮನೆಗೆ ಹೋದರೆ ಅಡಿಕೆ ಸುಲಿಯುವ ಕೆಲಸ, ಬೀಡಿ ಕಟ್ಟುವ ಅಮ್ಮನಿಗೆ ಒಂದಿಷ್ಟು ಸಹಾಯ. ಬುದ್ಧಿಯಲ್ಲಿ ಈ ಮಕ್ಕಳು ಯಾರಿಗೂ ಕಡಿಮೆ ಇಲ್ಲ. ಸಮಯ ಮತ್ತು ಒಡನಾಟ ಸಿಗುತ್ತಿಲ್ಲ, ಅಷ್ಟೇ.

ನಾವು ಮಾಡುವ ಕೆಲಸ ಎಂಥದ್ದು ಅಂತ ಒಂದು ಉದಾಹರಣೆ ಹೇಳುತ್ತೇವೆ. ಎಣ್ಮಕಜೆ ಕಡೆಯ ಒಬ್ಬ ವಿದ್ಯಾರ್ಥಿನಿ ತನ್ನ ಮನೆಯ ಸುರಂಗದ ಬಗ್ಗೆ ಬರೆಯಬೇಕು ಅಂತ ಬಂದಳು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಅಗಲಕ್ಕೆ ತೋಡಿ ನೀರು ಹುಡುಕುವ ಸುರಂಗಗಳು ನಮ್ಮವರಿಗೆ ಹೊಸತೇನಲ್ಲ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ತೋಟಕ್ಕೆ ಇಳಿಯುತ್ತದೆ. ಅವಳು ಉದ್ದ, ಅಗಲ ಅಳೆದಿದ್ದಳು. ನೀರು ಬೀಳುವಲ್ಲಿ ಬಕೆಟ್ಟು ಇಟ್ಟು, ತುಂಬಲು ಎಷ್ಟು ಸೆಕೆಂಡು ಅಂತ ಮೊಬೈಲಿನಲ್ಲಿ ನೋಡಿ ಬರೆದುಕೊಂಡಿದ್ದಳು. ಪುಸ್ತಕ ನೋಡಿದ ನಮ್ಮ ಮಾಸ್ಟ್ರು ಕೇಳಿದ್ದು ಒಂದೇ: "ಇದು ಯಾವ ತಿಂಗಳ ಅಳತೆ ಮಗಾ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪ್ರತಿ ತಿಂಗಳೂ ಅದೇ ಬಕೆಟ್ಟು ಹಿಡಿದು ಹೋಗತೊಡಗಿದಳು. ಪಕ್ಕದ ಮನೆಯ ಬೋರ್‌ವೆಲ್ ಯಾವಾಗ ತೋಡಿದ್ದು ಅಂತ ವಿಚಾರಿಸಿದಳು. ಸುರಂಗ ತೋಡಿದ ಅಜ್ಜನ ಹತ್ತಿರ ಕೂತು, ಒಳಗೆ ಉಸಿರಾಡುವ ಗಾಳಿ ಇದೆಯೋ ಇಲ್ಲವೋ ಅಂತ ದೀಪದ ಉರಿ ನೋಡಿ ತಿಳಿಯುವ ಕ್ರಮ ಕೇಳಿ ಬರೆದುಕೊಂಡಳು. ಆ ಅಜ್ಜ ಮಾತಾಡಿದ್ದು ತುಳುವಿನಲ್ಲಿ, ಅವಳು ಟಿಪ್ಪಣಿ ಮಾಡಿದ್ದು ಕನ್ನಡದಲ್ಲಿ, ಪಂಚಾಯತಿನ ಕಾಗದ ಇದ್ದದ್ದು ಮಲಯಾಳದಲ್ಲಿ, ಕಾಲೇಜಿಗೆ ಕೊಡಬೇಕಾದ್ದು ಇಂಗ್ಲಿಷಿನಲ್ಲಿ. ಇಂಥ ಕೆಲಸ ಮಾಡಬಲ್ಲ ವಿದ್ಯಾರ್ಥಿ ನಮ್ಮ ಗಡಿನಾಡಲ್ಲದೆ ಬೇರೆಲ್ಲಿ ಸಿಗಬೇಕು ಹೇಳಿ.

ನಾವು ಮತ್ತೆ ಮತ್ತೆ ಹೇಳುವುದು ಇದನ್ನೇ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು, ಅಂದು ಕೇರಳಕ್ಕೆ ಸೇರಿತು. ಹಾಗಾಗಿ ಅಜ್ಜನ ಕಾಲದ ಜಾಗದ ದಸ್ತಾವೇಜು ಕನ್ನಡದಲ್ಲಿದೆ, ಅಪ್ಪನ ಕಾಲದ್ದು ಮಲಯಾಳದಲ್ಲಿದೆ. ಎರಡನ್ನೂ ಓದಬಲ್ಲವರು ವರ್ಷ ಹೋದಂತೆ ಕಡಿಮೆಯಾಗುತ್ತಿದ್ದಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಪ್ರಸಂಗದ ಕೈಬರಹಗಳು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಅದರ ಬಗ್ಗೆ ಅಧ್ಯಯನಕ್ಕೆ ಬಂದವರಲ್ಲಿ ಜಾಸ್ತಿ ಜನ ಹೊರಗಿನವರು. ಅವರ ಬಗ್ಗೆ ನಮಗೆ ಗೌರವವಿದೆ. ಆದರೆ ಪ್ರಶ್ನೆ ಕೇಳುವ ಜಾಗದಲ್ಲಿ, ಆ ವಿಷ ಬಿದ್ದ ಊರಾದ ಪಡ್ರೆಯ ಮಗುವೂ ಕೂರಬೇಕು ಅಂತ ನಮ್ಮ ಆಸೆ.

ಊರಲ್ಲಿದ್ದುಕೊಂಡೇ ದೊಡ್ಡ ಸಂಶೋಧನೆ ಮಾಡಬಹುದು ಅನ್ನುವುದಕ್ಕೆ ಮಂಜೇಶ್ವರದ ಗೋವಿಂದ ಪೈಗಳೇ ಇದ್ದಾರೆ. ತಂದೆ ತೀರಿಕೊಂಡು ಮದ್ರಾಸಿನ ಬಿ.ಎ. ಓದು ಅರ್ಧಕ್ಕೆ ನಿಂತರೂ, ಮನೆಯನ್ನೇ ಪುಸ್ತಕಾಲಯ ಮಾಡಿಕೊಂಡು ಶಾಸನ, ಇತಿಹಾಸ ಅಂತ ಬದುಕಿಡೀ ದುಡಿದರು. 1949ರಲ್ಲಿ ರಾಷ್ಟ್ರಕವಿ ಆದರು. ಅವರಿಗೆ ಪುಸ್ತಕ ಕೊಳ್ಳುವ ಶಕ್ತಿ ಇತ್ತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಅದಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇವೆ. ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 15,000 ರೂಪಾಯಿ ಬೇಕು. ಇದರಲ್ಲಿ 6,000 ಓಡಾಟಕ್ಕೆ, 3,000 ಪುಸ್ತಕ ಮತ್ತು ಜೆರಾಕ್ಸಿಗೆ, 4,000 ಮೈಸೂರು ಅಥವಾ ಹಂಪಿಯ ಗ್ರಂಥಾಲಯಕ್ಕೆ ಹೋಗಿ ಕೆಲವು ದಿನ ಉಳಿದು ಬರಲು. ಉಳಿದ 2,000 ಮಾರ್ಗದರ್ಶಕರ ಬಸ್ಸು, ಊಟಕ್ಕೆ. ಇವರೆಲ್ಲ ನಿವೃತ್ತ ಅಧ್ಯಾಪಕರು, ಸಂಬಳ ಬೇಡ ಅಂದಿದ್ದಾರೆ. ಕೈಯಿಂದ ಖರ್ಚು ಮಾಡಿಸುವುದು ಮಾತ್ರ ನಮಗೆ ಸರಿ ಕಾಣುವುದಿಲ್ಲ. ಈ ಸಲ 12 ಮಕ್ಕಳನ್ನು ತೆಗೆದುಕೊಳ್ಳುತ್ತೇವೆ. ಎಲ್ಲರೂ ಹಂಚಿಕೊಂಡು ಬಳಸಲು ಎರಡು ಲ್ಯಾಪ್‌ಟಾಪು, ಒಂದು ಒಳ್ಳೆಯ ಧ್ವನಿ ರೆಕಾರ್ಡರು ಬೇಕು, ಅದಕ್ಕೆ 90,000. ಎಲ್ಲ ಸೇರಿ 2,70,000 ರೂಪಾಯಿ.

ಪೂರ್ತಿ ಒಬ್ಬರ ಖರ್ಚು ಹೊರಬೇಕು ಅಂತೇನಿಲ್ಲ. 500 ರೂಪಾಯಿ ಕೊಟ್ಟರೂ ಒಂದು ತಿಂಗಳ ಬಸ್ಸಿನ ಖರ್ಚಾಗುತ್ತದೆ. 2,000ಕ್ಕಿಂತ ಜಾಸ್ತಿ ಮೊತ್ತವನ್ನು ನಗದಾಗಿ ಕೊಡಬೇಡಿ, ಬ್ಯಾಂಕಿನ ಮೂಲಕವೇ ಕಳಿಸಿ, ರಸೀದಿ ಕೇಳಿ ಪಡೆಯಿರಿ. ಗಲ್ಫಿನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಇದ್ದರೆ ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಬಹುದು, ಅದನ್ನು ವಿದೇಶಿ ದೇಣಿಗೆ ಅಂತ ಲೆಕ್ಕ ಹಿಡಿಯುವುದಿಲ್ಲ. ಬೇರೆ ದೇಶದ ಪೌರತ್ವ ತಗೊಂಡವರಿಂದ ಈಗ ನಾವು ಹಣ ತೆಗೆದುಕೊಳ್ಳುವಂತಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಹಣ ಕೊಡಲು ಆಗದವರು ಮನೆಯ ಅಟ್ಟ ಒಮ್ಮೆ ನೋಡಿ. ಹಳೆ ದಸ್ತಾವೇಜು, ಪ್ರಸಂಗದ ಪುಸ್ತಕ, ತಾಳೆಗರಿ ಏನೇ ಇದ್ದರೂ ನಮಗೆ ಕೊಟ್ಟುಬಿಡುವುದು ಬೇಡ. ನಮ್ಮ ಮಕ್ಕಳು ಬಂದು ನಿಮ್ಮೆದುರೇ ಫೋಟೋ ತೆಗೆದು, ಮೂಲವನ್ನು ನಿಮ್ಮ ಕೈಗೇ ಕೊಟ್ಟು ಬರುತ್ತಾರೆ. ಮಾರ್ಗದರ್ಶನ ಮಾಡಬಲ್ಲ ಅಧ್ಯಾಪಕರು, ವಿಜ್ಞಾನಿಗಳು ತಿಂಗಳಿಗೆ ಒಂದು ಶನಿವಾರ ಕೊಟ್ಟರೆ ಸಾಕು. ಹೊಸ ತಂಡ ಜುಲೈಯಲ್ಲಿ ಶುರುವಾಗುತ್ತದೆ. ಜೂನ್ ಕೊನೆಯೊಳಗೆ ನಮ್ಮ ಕಚೇರಿಗೆ ತಿಳಿಸಿ.